ಬೇಡವೆಂದರೂ ಬರುವ ಯೋಚನೆಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ತಿಂಗಳು. ತರಕಾರಿ ಹೆಚ್ಚುವಾಗ ‘ಈ ಚಾಕುವಿನಿಂದ ಮಗುವಿಗೆ ಚುಚ್ಚಿಬಿಟ್ಟರೆ?’ ಎಂಬ ಯೋಚನೆ ಥಟ್ಟನೆ ಬಂದು ಮೈ ನಡುಗುತ್ತದೆ. ದೇವರ ಹೆಸರು ಹೇಳಿಕೊಂಡು ತಳ್ಳಿದಷ್ಟೂ ಮತ್ತೆ ಬರುತ್ತದೆ. ಚಾಕುಗಳನ್ನೆಲ್ಲ ಮೇಲಿನ ಕಪಾಟಿನಲ್ಲಿ ಬಚ್ಚಿಟ್ಟಿದ್ದೇನೆ. ಮಗುವಿನ ಜೊತೆ ಒಬ್ಬಳೇ ಇರಲು ಭಯ. ಯಾರಿಗೂ ಹೇಳಿಲ್ಲ. ನನಗೆ ಹುಚ್ಚು ಹಿಡಿಯುತ್ತಿದೆಯೇ?

ಉತ್ತರ: ಇಲ್ಲಮ್ಮ. ನೀವು ಬರೆದಿರುವುದನ್ನು ನೋಡಿದರೆ ಇದು ಗೀಳು ಯೋಚನೆ, ಅಂದರೆ ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಕಾಡುವ ಯೋಚನೆ. ಬಾಣಂತಿಯರಲ್ಲಿ ಇಂಥ ಯೋಚನೆಗಳು ತೀರಾ ಸಾಮಾನ್ಯ. ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ, ಅಷ್ಟೇ. ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನೋವಿಜ್ಞಾನಿಗಳು 1978ರಲ್ಲೇ ತೋರಿಸಿದಂತೆ, ಯಾವ ಕಾಯಿಲೆಯೂ ಇಲ್ಲದವರಿಗೂ ಇಂಥವೇ ಯೋಚನೆಗಳು ಬರುತ್ತವೆ. ಅವರು ಅದನ್ನು ಅಲ್ಲಿಗೇ ಬಿಡುತ್ತಾರೆ. ನೀವು ‘ಹೀಗೆ ಅನ್ನಿಸಿತೆಂದರೆ ನಾನು ಮಾಡಿಯೇಬಿಡುವವಳು’ ಎಂದು ಅರ್ಥ ಹಚ್ಚಿಕೊಂಡಿದ್ದೀರಿ. ತೊಂದರೆ ಇರುವುದು ಆ ಅರ್ಥದಲ್ಲಿ.

ಯೋಚನೆಯನ್ನು ತಳ್ಳಿದರೆ ಅದು ಹೋಯಿತೋ ಇಲ್ಲವೋ ಎಂದು ಮನಸ್ಸು ಹುಡುಕುತ್ತದೆ. ಹುಡುಕಿದಾಗ ಅದೇ ಸಿಗುತ್ತದೆ. ಚಾಕು ಬಚ್ಚಿಟ್ಟಾಗ ಆಗುವ ನಿರಾಳ ಕೆಲ ಹೊತ್ತಿನದು. ‘ಬಚ್ಚಿಟ್ಟಿದ್ದರಿಂದಲೇ ಮಗು ಉಳಿಯಿತು’ ಎಂಬ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ. ದೇವರನ್ನು ನೆನೆಯುವುದು ತಪ್ಪಲ್ಲ, ಆದರೆ ಯೋಚನೆಯನ್ನು ಅಳಿಸಲೆಂದೇ ನೆನೆದರೆ ಅದೂ ಗೀಳಿನ ಭಾಗವಾಗುತ್ತದೆ. ‘ನಾನು ಹಾಗೆ ಮಾಡುವವಳಲ್ಲ ಅಲ್ವಾ?’ ಎಂದು ಪದೇಪದೇ ಕೇಳುವುದೂ ಅಷ್ಟೇ.

ಇದಕ್ಕಿರುವ ಚಿಕಿತ್ಸೆಯಲ್ಲಿ ಭಯವನ್ನು ಹಂತ ಹಂತವಾಗಿ ಎದುರಿಸಿ, ಭಯ ತಗ್ಗಿಸಲೆಂದು ರೂಢಿಯಾಗಿರುವ ಬಚ್ಚಿಡುವುದು, ದೇವರ ಹೆಸರು ಹೇಳುವುದು, ಪದೇಪದೇ ಕೇಳುವುದು ಇವನ್ನು ಮಾಡದೆ ಇರಬೇಕು. ಭಯ ಹುಟ್ಟಿಸುವ ಸಂದರ್ಭಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಅಂಕ ಕೊಡಿ. 40ರ ಆಸುಪಾಸಿನದರಿಂದ ಶುರುಮಾಡಿ: ಮಗು ಪಕ್ಕದ ಕೋಣೆಯಲ್ಲಿ, ಚಾಕು ನಿಮ್ಮೆದುರು ಮೇಜಿನ ಮೇಲೆ. ಯೋಚನೆ ಬಂದರೆ ‘ಗೀಳು ಬಂತು’ ಎಂದುಕೊಂಡು ಹೆಚ್ಚುವುದನ್ನು ಮುಂದುವರಿಸಿ. ವಾದ ಬೇಡ, ಮಂತ್ರ ಬೇಡ. ಭಯ ಏರಿದಾಗ ಎದ್ದುಹೋದರೆ ಪಾಠ ತಲೆಕೆಳಗಾಗುತ್ತದೆ. ಅರ್ಧ ಗಂಟೆಯಾದರೂ ಅಲ್ಲೇ ಇರಿ. ದಿನವೂ ಮಾಡಿ. ಅದು ಸಲೀಸಾದ ಮೇಲೆ, ಮಗು ಅದೇ ಕೋಣೆಯ ತೊಟ್ಟಿಲಲ್ಲಿರುವಾಗ ಹೆಚ್ಚಿ. ಇದನ್ನು ಬಲ್ಲ ಮನೋಚಿಕಿತ್ಸಕರ ಜೊತೆ ಆರಂಭಿಸುವುದು ಒಳ್ಳೆಯದು. ಯೋಚನೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ಅಥವಾ ಮಗುವಿನ ಆರೈಕೆಗೆ ಅಡ್ಡಿಯಾದರೆ ತಡಮಾಡಬೇಡಿ. ಹಾಲುಣಿಸುತ್ತಿದ್ದರೆ ವೈದ್ಯರಿಗೆ ಹೇಳಿ; ಆಗಲೂ ಕೊಡಬಹುದಾದ ಮಾತ್ರೆಗಳಿವೆ.

ಒಂದು ವ್ಯತ್ಯಾಸ ನೆನಪಿರಲಿ. ನಿಮಗೆ ಈ ಯೋಚನೆ ಕಂಡರೆ ಅಸಹ್ಯ, ಭಯ. ಬದಲಿಗೆ, ಹಾಗೆ ಮಾಡುವುದೇ ಸರಿ ಎನ್ನಿಸತೊಡಗಿದರೆ, ಕಿವಿಯಲ್ಲಿ ಯಾರೋ ಆಜ್ಞೆ ಮಾಡಿದಂತಾದರೆ, ಮಗುವಿಗೆ ಏನೋ ಸೇರಿಕೊಂಡಿದೆ ಎಂದು ಖಚಿತವಾದರೆ ಅದು ಬೇರೆಯೇ ಕಾಯಿಲೆ. ಮಗುವನ್ನು ಮನೆಯವರ ಕೈಗೆ ಕೊಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಗೀಳಿಗೆ ಮಾತ್ರೆ ಶುರುಮಾಡಿ ಮೂರು ವಾರವಾಯಿತು. ಗುಣ ಕಾಣುತ್ತಿಲ್ಲ, ಬಿಡಲೇ?

ಉತ್ತರ: ಬಿಡಬೇಡಿ. ಗೀಳಿನಲ್ಲಿ ಮಾತ್ರೆಯ ಫಲ ತಿಳಿಯಲು ಸರಿಯಾದ ಪ್ರಮಾಣದಲ್ಲಿ 8ರಿಂದ 12 ವಾರ ಬೇಕು; ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುವುದೂ ಉಂಟು. ಮೊದಲ ದಿನಗಳ ವಾಕರಿಕೆ, ಚಡಪಡಿಕೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಗ್ಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಬರಬಹುದು. ಯೋಚನೆ ಪೂರ್ತಿ ನಿಂತಿತೇ ಎಂದು ನೋಡಬೇಡಿ, ಬಂದದ್ದು ಎಷ್ಟು ಹೊತ್ತು ಅಂಟಿಕೊಳ್ಳುತ್ತದೆ ಎಂಬುದನ್ನು ವಾರಕ್ಕೊಮ್ಮೆ ಬರೆದಿಡಿ. ಸಾಯುವ ಯೋಚನೆ ಬಂದರೆ ಅಂದೇ ವೈದ್ಯರನ್ನು ಕಾಣಿ.