ಮೊದಲು ರೊಟ್ಟಿ, ಆಮೇಲೆ ಉಪದೇಶ

ಪತ್ರ: ಹಲವು ವರ್ಷಗಳಿಂದ ಸಂಡೇ ಸ್ಕೂಲ್‌ನಲ್ಲಿ ಕಲಿಸುತ್ತಿದ್ದೇನೆ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆಯೂ ನನ್ನ ಪಾಲಿನದೇ. ಈಚೆಗೆ ಸತ್ಯವೇದ (ಬೈಬಲ್) ತೆರೆದರೆ ಅಕ್ಷರಗಳು ಕಾಣುತ್ತವೆ, ಒಳಗೆ ಏನೂ ಇಳಿಯುವುದಿಲ್ಲ. ಸಭೆಯ ಹಿರಿಯರೊಬ್ಬರ ಮುಂದೆ ಹೇಳಿಕೊಂಡರೆ, ‘ವಿಶ್ವಾಸ ಕಡಿಮೆಯಾಗಿದೆ, ಶುಕ್ರವಾರದ ಉಪವಾಸ ಪ್ರಾರ್ಥನೆಗೆ ತಪ್ಪದೆ ಬನ್ನಿ’ ಎಂದರು. ನಾನು ಬಿಟ್ಟರೆ ಮಕ್ಕಳ ಕ್ಲಾಸು ನಿಂತೇ ಹೋಗುತ್ತದೆ. ಏನು ಮಾಡಲಿ? – ಓದುಗರೊಬ್ಬರು, ಬೆಟಗೇರಿ

ಸಂಪಾದಕರ ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರ ಓದಿ ಮೊದಲು ಆ ಹಿರಿಯರ ಮೇಲೆ ಸಿಟ್ಟು ಬಂತು. ತಣ್ಣಗಾದ ಮೇಲೆ, ಅವರ ಪರವಾಗಿಯೂ ಒಂದು ಮಾತು ಆಡುವುದು ನ್ಯಾಯ ಎನಿಸಿತು. ಬೇಸರ ಬಂದ ಕೂಡಲೇ ಎದ್ದು ಓಡಬಾರದು ಎಂಬುದು ಬಹಳ ಹಳೆಯ ತಿಳಿವಳಿಕೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸಂನ್ಯಾಸಿ ಈ ಬೇಸರವನ್ನು ನಡುಹಗಲಿನ ದೆವ್ವ ಎಂದು ಕರೆದ. ಅದು ಹಿಡಿದವನಿಗೆ ಸೂರ್ಯ ಕದಲುವುದೇ ಇಲ್ಲ, ಹಗಲು ಐವತ್ತು ತಾಸಿನಷ್ಟು ಉದ್ದ ಕಾಣುತ್ತದೆ, ಯಾರಾದರೂ ಬರಬಾರದೇ ಎಂದು ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ. ಕುಳಿತ ಜಾಗ ಬಿಡಬೇಡ, ತಾಳಿಕೋ ಎಂಬುದು ಇವಾಗ್ರಿಯಸ್ ಹೇಳಿದ ಮದ್ದು. ಒಪ್ಪೋಣ. ಆದರೆ ಆ ಪುಣ್ಯಾತ್ಮನಿಗೆ ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸಿ ಮಲಗಿಸಬೇಕಾದ ಅತ್ತೆ ಇರಲಿಲ್ಲ.

ಇನ್ನು ಸತ್ಯವೇದಕ್ಕೇ ಬರೋಣ. ಒಂದನೆಯ ಅರಸುಗಳು 19ನೆಯ ಅಧ್ಯಾಯವನ್ನು ನೀವು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೀರೋ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಬೇರ್ಷೆಬದ ಆಚೆ ಅಡವಿಗೆ ಓಡಿ, ಜಾಲಿಗಿಡದ ಕೆಳಗೆ ಕುಳಿತು ಸಾವು ಬೇಡಿದ. ದೇವರು ಆಗ ಏನು ಮಾಡಿದ? ವಿಶ್ವಾಸ ಎಲ್ಲಿ ಹೋಯಿತು ಎಂದು ಗದರಿಸಲಿಲ್ಲ. ಮಲಗಲು ಬಿಟ್ಟ. ದೂತನು ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದಾಗಲೂ ಮಾತು ಅದೇ: ಏಳು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು. ‘ಎಲೀಯನೇ, ಇಲ್ಲೇನು ಮಾಡುತ್ತಿದ್ದೀ?’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ. ನಮ್ಮ ಹಿರಿಯರು ಆ ಪ್ರಶ್ನೆಯನ್ನು ಜಾಲಿಗಿಡದ ಕೆಳಗೇ ಕೇಳುತ್ತಾರೆ, ಮೇಲೆ ರೊಟ್ಟಿಯನ್ನೂ ಕಸಿದುಕೊಂಡು ಉಪವಾಸಕ್ಕೆ ಕರೆಯುತ್ತಾರೆ.

ಈಗ ನಿಮಗೂ ಸ್ವಲ್ಪ ಬೈಗುಳ ಇದೆ, ಬೇಸರಿಸಬೇಡಿ. ‘ನಾನು ಬಿಟ್ಟರೆ ಕ್ಲಾಸು ನಿಂತೇ ಹೋಗುತ್ತದೆ’ ಎಂದಿರಲ್ಲ, ಎಲೀಯನೂ ಹೋರೇಬಿನಲ್ಲಿ ಹೀಗೇ ವಾದಿಸಿದ: ನಾನೊಬ್ಬನೇ ಉಳಿದಿದ್ದೇನೆ. ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7000 ಜನ ಇದ್ದಾರೆ ಎಂಬ ಉತ್ತರ ಬಂತು. ಜೊತೆಗೆ ಎಲೀಷನನ್ನು ಅಭಿಷೇಕಿಸು ಎಂಬ ಅಪ್ಪಣೆ. ಅಂದರೆ ಕೆಲಸ ಹಂಚಿಕೊಳ್ಳಲು ಆಳು ಸಿಕ್ಕ. ವಿಮೋಚನಕಾಂಡ 18ರಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ಕೇಳುತ್ತಿದ್ದ ಮೋಶೆಗೆ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಹೇಳಿದವನು ಮಾವ ಇತ್ರೋ. ಬೆಟಗೇರಿಯ ಸಭೆಯಲ್ಲಿ ನಿಮ್ಮ ಕೈಯಲ್ಲೇ ಕಲಿತು ಕಾಲೇಜು ಸೇರಿದ ಹುಡುಗಿಯರು ಇಬ್ಬರಾದರೂ ಇರಬೇಕು. ಅವರನ್ನು ಕರೆಯಿರಿ. ಅವರು ಕಲಿಸುವುದರಲ್ಲಿ ತಪ್ಪು ಮಾಡಲಿ ಬಿಡಿ, ನೀವು ಹಿಂದಿನ ಬೆಂಚಿನಲ್ಲಿ ಕುಳಿತು ತಿದ್ದಲು ಹೋಗಬೇಡಿ.

ನಿದ್ದೆ ಹತ್ತದೆ, ಊಟ ಸೇರದೆ, ವಾರಗಟ್ಟಲೆ ಹೀಗೇ ನಡೆದಿದ್ದರೆ ವೈದ್ಯರನ್ನು ಕಾಣಿರಿ. ರಕ್ತಹೀನತೆಯೂ ಥೈರಾಯ್ಡ್ ತೊಂದರೆಯೂ ಇದೇ ಮುಖ ಹೊತ್ತು ಬರುತ್ತವೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮದ್ದು ತೆಗೆದುಕೊಂಡರೆ ವಿಶ್ವಾಸಕ್ಕೆ ಕುಂದು ಎನ್ನುವವರು ಸಕ್ಕರೆ ಕಾಯಿಲೆಯ ತಮ್ಮ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸುವುದಿಲ್ಲ.

ನನ್ನ ನಿಜವಾದ ತಕರಾರು ಒಬ್ಬ ಹಿರಿಯರ ಮೇಲಲ್ಲ, ದೇವರ ಉಪಕಾರವನ್ನು ಸಭೆಯ ಮುಂದೆ ಸಾಕ್ಷಿ ಹೇಳುವ ನಮ್ಮ ರೂಢಿಯ ಮೇಲೆ. ಹುಬ್ಬಳ್ಳಿ-ಧಾರವಾಡದ ಯಾವ ಉಜ್ಜೀವನ ಕೂಟಕ್ಕೆ ಹೋದರೂ ವೇದಿಕೆ ಏರುವವರೆಲ್ಲ ಗೆದ್ದವರೇ. ಸಾಲ ತೀರಿತು, ಕಾಯಿಲೆ ಹೋಯಿತು, ಮಗನಿಗೆ ನೌಕರಿ ಸಿಕ್ಕಿತು. ಇನ್ನೂ ಕತ್ತಲಲ್ಲೇ ಇದ್ದೇನೆ ಎನ್ನುವವರಿಗೆ ಮೈಕ್ ಸಿಗುವುದಿಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ ಎಂದು ತಿಳಿದು ಲೋಕ ಬೆರಗಾಯಿತು. ನಮ್ಮ ಕೂಟದಲ್ಲಿ ಅವರಿಗೂ ಶುಕ್ರವಾರ ಬನ್ನಿ ಎನ್ನುತ್ತಿದ್ದರೇನೋ! 88ನೆಯ ಕೀರ್ತನೆ ಮೊದಲಿನಿಂದ ಕೊನೆಯವರೆಗೆ ಮೊರೆಯೇ. ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಆದರೂ ಅದು ಸತ್ಯವೇದದಲ್ಲಿದೆ. ಪೀಠದಿಂದ ಅದನ್ನು ಓದಿದ್ದನ್ನು ನಾನಂತೂ ಕೇಳಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಿಮ್ಮ ಬೆಟಗೇರಿಗೆ 1841ರಲ್ಲಿ ಬಂದರು ಎಂದು ಪ್ರತಿ ವಾರ್ಷಿಕೋತ್ಸವದಲ್ಲಿ ಒಪ್ಪಿಸುತ್ತೇವೆ. ದೂರದೇಶದ ಆ ಜನ ಈ ಬಿಸಿಲಿನಲ್ಲಿ ಎಂದಾದರೂ ಸೋತು ಕುಳಿತಿದ್ದರೇ ಎಂದು ಯಾರೂ ಕೇಳುವುದಿಲ್ಲ.

ಪ್ರಾರ್ಥನೆಗೆ ಮಾತು ಬಾರದಿದ್ದರೆ ಆ 88ನ್ನೇ ಓದಿ ಮಲಗಿರಿ. ಕ್ರಿಸ್ಮಸ್ ಕಾರ್ಯಕ್ರಮದ ಹೊಣೆಯನ್ನು ಈ ವರ್ಷ ಬೇರೆಯವರು ಹೊರಲಿ. ಅತ್ತೆಯವರ ಬಳಿ ವಾರಕ್ಕೆರಡು ರಾತ್ರಿ ನಿಮ್ಮ ಯಜಮಾನರು ಮಲಗಲಿ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲದಿರುವುದನ್ನು ನಾನು ಗಮನಿಸಿದ್ದೇನೆ. ಇನ್ನು, ಉಪವಾಸದ ಪರವಾಗಿ ಉತ್ತರ ಬರೆಯಬಯಸುವ ಹಿರಿಯರಿಗೆ ಈ ಪುಟಗಳಲ್ಲಿ ಖಂಡಿತ ಜಾಗವಿದೆ. ದಯವಿಟ್ಟು ಊಟ ಮುಗಿಸಿ ಬರೆಯಲು ಕೂರಲಿ.