ಒಂದೂವರೆ ವರ್ಷದ ಮಗುವಿಗೆ ಸಂಜೆಯಿಂದ 103 ಜ್ವರ, ಬೆಳಗಿನವರೆಗೆ ಕಾಯಬಹುದಾ?

ನೀವು ಬರೆದಿರುವುದಿಷ್ಟು: ಹೊಸನಗರದ ಕಡೆಯ ಹಳ್ಳಿ, ಹದಿನೆಂಟು ತಿಂಗಳ ಮಗು, ಮಧ್ಯಾಹ್ನ ಆಡಿಕೊಂಡಿತ್ತು, ಸಂಜೆ ಹೊತ್ತಿಗೆ ಮೈ ಕೆಂಡದ ಹಾಗೆ, ಥರ್ಮಾಮೀಟರ್‌ನಲ್ಲಿ 103. ಶೀತ, ಕೆಮ್ಮು ಏನೂ ಇಲ್ಲ. ಹೊರಗೆ ಜಡಿಮಳೆ. ರಾತ್ರಿಯೇ ಹೊರಡಬೇಕಾ, ಬೆಳಗ್ಗೆ ನೋಡಿದರೆ ಸಾಕಾ?

103 ಎಂಬ ಅಂಕಿಯೊಂದನ್ನೇ ಹಿಡಿದು ಇದನ್ನು ತೀರ್ಮಾನಿಸಬೇಡಿ. ಈ ವಯಸ್ಸಿನಲ್ಲಿ ಸಾದಾ ವೈರಲ್ ಜ್ವರವೂ 103, 104 ಮುಟ್ಟುತ್ತದೆ. ಅಪಾಯದ ಕಾಯಿಲೆ 101ರಲ್ಲೇ ಇರಬಹುದು. ಔಷಧಿ ಕೊಟ್ಟು ಒಂದು ಗಂಟೆಯಾದ ಮೇಲೆ ಮಗು ಹೇಗಿದೆ ಅನ್ನುವುದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕರೆದರೆ ತಿರುಗಿ ನೋಡುತ್ತದಾ? ಅಂಗಳದಲ್ಲಿ ಬೆಕ್ಕು ಕಂಡರೆ ಕೈ ತೋರಿಸುತ್ತದಾ? ನಾಲ್ಕು ಚಮಚ ಗಂಜಿ ತಿಳಿ ಕುಡಿಯುತ್ತದಾ? ಕಳೆದ ಆರು ಗಂಟೆಗಳಲ್ಲಿ ಒಮ್ಮೆಯಾದರೂ ಉಚ್ಚೆ ಹೊಯ್ದಿದೆಯಾ? ಇಷ್ಟೂ ಸರಿಯಿದ್ದರೆ ಬೆಳಗಿನವರೆಗೆ ಮನೆಯಲ್ಲೇ ಕಾಯಬಹುದು. ಜ್ವರ ಇಳಿದ ಮೇಲೂ ಮಗು ಬಟ್ಟೆಯ ಹಾಗೆ ಜೋತು ಬಿದ್ದಿದ್ದರೆ 100 ಇದ್ದರೂ ಹೊರಡಿ.

ಮೊದಲು ಅಳತೆ ಸರಿಯಿರಲಿ. ಹಣೆ ಮುಟ್ಟಿ ಹೇಳುವುದು ಲೆಕ್ಕಕ್ಕೆ ಬರುವುದಿಲ್ಲ. ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳಿನ ಬೆವರು ಒರೆಸಿ, ತುದಿಯನ್ನು ಕಂಕುಳಿನ ನಡುವೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಬರುವವರೆಗೆ ಕಾಯಿರಿ. ಕಂಬಳಿಯಿಂದ ತೆಗೆದ ತಕ್ಷಣ ನೋಡಿದರೆ ಸುಳ್ಳು ಅಂಕಿ ಬರುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿ.

ಪ್ಯಾರಾಸಿಟಮಾಲ್ ಕೊಡುವುದು ವಯಸ್ಸು ನೋಡಿಯಲ್ಲ, ತೂಕ ನೋಡಿ. ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ. ಅಂಗನವಾಡಿಯಲ್ಲಿ ತೂಗಿ ಬರೆದುಕೊಟ್ಟದ್ದು ತಾಯಿ ಕಾರ್ಡಿನಲ್ಲಿ ಇರುತ್ತದೆ, ತೆಗೆದು ನೋಡಿ. 10 ಕೆ.ಜಿ. ಇದ್ದರೆ 150 ಮಿ.ಗ್ರಾಂ ಆಯಿತು. ಎಡವಟ್ಟು ಆಗುವುದು ಇಲ್ಲಿಂದ ಮುಂದೆ. ಇದೇ ಔಷಧಿ ಅಂಗಡಿಯಲ್ಲಿ ಮೂರು ಥರ ಸಿಗುತ್ತದೆ. ಡ್ರಾಪ್ಸ್ ಆದರೆ 1 ಮಿ.ಲೀ.ನಲ್ಲೇ 100 ಮಿ.ಗ್ರಾಂ. ಒಂದು ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, ಇನ್ನೊಂದರಲ್ಲಿ 5 ಮಿ.ಲೀ.ಗೆ 250. ಅಂದರೆ 10 ಕೆ.ಜಿ.ಯ ಮಗುವಿಗೆ ಡ್ರಾಪ್ಸ್ ಆದರೆ 1.5 ಮಿ.ಲೀ., 125ರ ಸಿರಪ್ ಆದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ. ಡ್ರಾಪ್ಸ್ ಬಾಟಲಿಯಿಂದ 6 ಮಿ.ಲೀ. ಕೊಟ್ಟರೆ ನಾಲ್ಕು ಪಟ್ಟು ಹೋಯಿತು, ಲಿವರಿಗೆ ಪೆಟ್ಟು. 125ರ ಸಿರಪ್ಪನ್ನು 1.5 ಮಿ.ಲೀ. ಕೊಟ್ಟರೆ ಕಾಲು ಭಾಗ ಮಾತ್ರ ಸೇರಿತು. ಆಮೇಲೆ ‘ಔಷಧಿ ಹಿಡಿಯಲಿಲ್ಲ’ ಅಂತ ಎಲ್ಲರಿಗೂ ಗಾಬರಿ. ಟಾರ್ಚ್ ಹಿಡಿದಾದರೂ ಲೇಬಲ್ ಓದಿ. ಅಡುಗೆಮನೆ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ.

ಮುಂದಿನ ಡೋಸ್ ಆರು ಗಂಟೆ ಬಿಟ್ಟು. ತೀರಾ ಬೇಕಾದರೆ ನಾಲ್ಕು ಗಂಟೆ ಬಿಟ್ಟು, ಅದಕ್ಕೂ ಮೊದಲು ಬೇಡವೇ ಬೇಡ. ದಿನಕ್ಕೆ ನಾಲ್ಕು ಸಲ ದಾಟಬಾರದು. ಕೊಟ್ಟ ಸಮಯವನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ, ಇಲ್ಲದಿದ್ದರೆ ಅಜ್ಜಿ ಒಮ್ಮೆ, ಅಮ್ಮ ಒಮ್ಮೆ ಕೊಟ್ಟುಬಿಡುತ್ತಾರೆ. ಕುಡಿಸಿದ ಕೂಡಲೇ ಪೂರ್ತಿ ಕಕ್ಕಿದರೆ ಮತ್ತೊಮ್ಮೆ ಕೊಡಬಹುದು, ಅರ್ಧ ಗಂಟೆ ಕಳೆದಿದ್ದರೆ ಬೇಡ. 103 ಇದ್ದದ್ದು 101ಕ್ಕೆ ಬಂದರೆ ಔಷಧಿ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಐದಾರು ಗಂಟೆ ಕಳೆದ ಮೇಲೆ ಜ್ವರ ಮತ್ತೆ ಏರುವುದೂ ಸಹಜ.

ಬೇರೆ ಔಷಧಿಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಆಸ್ಪಿರಿನ್ ಮಕ್ಕಳಿಗೆ ಕೂಡದು. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು 2011ರಲ್ಲೇ ಸರ್ಕಾರ ನಿಷೇಧಿಸಿದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಜ್ವರದ ಸಿರಪ್‌ಗಳನ್ನು ಡೆಂಗಿ ಇಲ್ಲವೆಂದು ಖಾತ್ರಿಯಾಗುವವರೆಗೆ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಶೀತದ ಮಿಶ್ರಣ ಸಿರಪ್ ನಾಲ್ಕು ವರ್ಷದೊಳಗೆ ಬೇಡ. ಕೆಲವದರಲ್ಲಿ ಪ್ಯಾರಾಸಿಟಮಾಲ್ ಸಹ ಸೇರಿದ್ದು, ಗೊತ್ತಿಲ್ಲದೆ ಎರಡು ಪಟ್ಟು ಆಗುತ್ತದೆ. ಹೋದ ಸಲ ಉಳಿದ ಆ್ಯಂಟಿಬಯೋಟಿಕ್ ಎಸೆಯಿರಿ.

ಮಳೆಗಾಲದ ಮಲೆನಾಡಿನಲ್ಲಿ ಜ್ವರದ ಮಗುವಿಗೆ ಸ್ವೆಟರ್, ಟೋಪಿ, ಮೇಲೊಂದು ಕಂಬಳಿ ಹೊದಿಸಿ ಬಚ್ಚಲೊಲೆಯ ಹತ್ತಿರ ಕೂರಿಸುವುದು ರೂಢಿ. ಮೈಯ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ತೆಳ್ಳನೆಯ ಹತ್ತಿ ಅಂಗಿ ಒಂದು ಸಾಕು. ಚಳಿಯೆಂದು ನಡುಗುತ್ತಿದ್ದರೆ ಮಾತ್ರ ಒಂದು ತೆಳು ಹೊದಿಕೆ. ತಣ್ಣೀರು, ಐಸ್, ಸ್ಪಿರಿಟ್ ಹಚ್ಚಿ ಒರೆಸಬೇಡಿ, ನಡುಕ ಬಂದು ಜ್ವರ ಇನ್ನೂ ಏರುತ್ತದೆ. ಕಾಳುಮೆಣಸಿನ ಕಷಾಯ ದೊಡ್ಡವರು ಕುಡಿಯಲಿ. ಮಗುವಿಗೆ ಎದೆಹಾಲು, ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ ನೀರು, ಎಳನೀರು, ಐದು ನಿಮಿಷಕ್ಕೆ ಎರಡು ಚಮಚದಂತೆ. ವಾಂತಿ, ಭೇದಿ ಇದ್ದರೆ ಓಆರ್‌ಎಸ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಲೋಟಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗಿ ತೊಂದರೆ.

ಇನ್ನು ಗಡಿಯಾರ ನೋಡದೆ ಹೊರಡಬೇಕಾದ ಸಂದರ್ಭಗಳು. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೂ ಸಾಕು, ಔಷಧಿ ಕೊಟ್ಟು ಕಾಯುವ ಮಾತೇ ಇಲ್ಲ. ನಿಮ್ಮದು ದೊಡ್ಡ ಮಗು, ಅದರಲ್ಲಿ ಉಸಿರು ನೋಡಿ. ಮಲಗಿದ್ದಾಗ ಅಂಗಿ ಎತ್ತಿ, ಮೊಬೈಲ್ ಗಡಿಯಾರ ಇಟ್ಟು ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಒಂದು ವರ್ಷ ದಾಟಿದವರಲ್ಲಿ 40 ಅಥವಾ ಹೆಚ್ಚು ಇದ್ದರೆ, ಪಕ್ಕೆಯ ಕೆಳಭಾಗ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿದ್ದರೆ, ನ್ಯುಮೋನಿಯಾ ಇರಬಹುದು. ಜ್ವರದಿಂದಲೇ ಉಸಿರು ಒಂದಿಷ್ಟು ಜೋರಾಗುತ್ತದೆ, ಹಾಗಾಗಿ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಪಕ್ಕೆ ಎಳೆಯುತ್ತಿದ್ದರೆ ಮಾತ್ರ ಅಷ್ಟು ಹೊತ್ತು ಕಾಯಬೇಡಿ. ಮೈಮೇಲೆ ಕೆಂಪು, ನೇರಳೆ ಚುಕ್ಕಿ ಕಂಡರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಮಾಸದಿದ್ದರೆ ತಡಮಾಡಬೇಡಿ. ಕುತ್ತಿಗೆ ಬಗ್ಗಿಸಲು ಆಗದಿರುವುದು, ನೆತ್ತಿ ಉಬ್ಬುವುದು, ಕುಡಿದದ್ದೆಲ್ಲ ಕಕ್ಕುವುದು, ಎಂಟು ಗಂಟೆ ಉಚ್ಚೆ ಇಲ್ಲದಿರುವುದು, ಎಬ್ಬಿಸಿದರೂ ಏಳದ ಮಂಪರು, ಇವೂ ಅದೇ ಪಟ್ಟಿಗೆ. ಕೈಕಾಲು ತಣ್ಣಗಿರುವುದು ಜ್ವರ ಏರುವಾಗ ಸಾಮಾನ್ಯ. ಜ್ವರ ಬಿಟ್ಟ ಮೇಲೂ ತಣ್ಣಗಿದ್ದರೆ ಅಲ್ಲ.

ಫಿಟ್ಸ್ ಬಂದರೆ: ಆರು ತಿಂಗಳಿಂದ ಐದು ವರ್ಷದವರೆಗೆ ಜ್ವರದ ಜೊತೆ ಇದು ಬರಬಹುದು. ನೋಡಲು ಭಯಂಕರ, ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವೇ ನಿಲ್ಲುತ್ತವೆ. ನೆಲದ ಮೇಲೆ ಚಾಪೆ ಹಾಸಿ ಒಂದು ಮಗ್ಗುಲಿಗೆ ಮಲಗಿಸಿ, ಎಂಜಲು ಹೊರಗೆ ಹರಿಯಲಿ, ಗಡಿಯಾರ ನೋಡಿ. ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಬಾಯಿಗೆ ಬೆರಳು, ಚಮಚ, ನೀರು, ಔಷಧಿ ಹಾಕಲೇಬಾರದು. ಐದು ನಿಮಿಷ ದಾಟಿದರೆ 108. ಬೇಗ ನಿಂತರೂ, ಮೊದಲ ಸಲ ಬಂದದ್ದಾದರೆ ಕೂಡಲೇ ವೈದ್ಯರಿಗೆ ತೋರಿಸಿ.

ನಮ್ಮ ಊರುಗಳಲ್ಲಿ ಮೂರು ಕಾಯಿಲೆ ಮನಸ್ಸಿನಲ್ಲಿರಬೇಕು. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ ನಿಂತ ಮಳೆನೀರೇ ಡೆಂಗಿ ಸೊಳ್ಳೆಗೆ ತೊಟ್ಟಿಲು. ಡೆಂಗಿಯಲ್ಲಿ ಮೋಸ ಆಗುವುದು ಮೂರನೇ ದಿನದಿಂದ ಏಳನೇ ದಿನದೊಳಗೆ, ಜ್ವರ ಇಳಿಯುವಾಗ. ‘ಜ್ವರ ಬಿಡ್ತು’ ಎಂದು ನಿರಾಳವಾದ ಹೊತ್ತಿಗೆ ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ, ಮಂಪರು ಶುರುವಾಗುತ್ತವೆ. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಅದರ ಕಾಲ ಬೇಸಿಗೆ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಉಣುಗು ಕಚ್ಚಿ ಬರುವುದು. ಈ ಮಳೆಯಲ್ಲಿ ನಿಮಗೆ ಅದರ ಚಿಂತೆ ಕಡಿಮೆ. ಆದರೆ ಬೇಸಿಗೆಯಲ್ಲಿ ಕಾಡಿನ ದರಗು (ಒಣಗಿದ ಎಲೆ) ತರಲು ಹೋದವರು ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು, ಹತ್ತಿರ ಮಂಗ ಸತ್ತಿದ್ದರೆ ಆ ಮಾತನ್ನು ವೈದ್ಯರಿಗೆ ಹೇಳಲೇಬೇಕು. ಮೂರನೆಯದು ಇಲಿ ಜ್ವರ, ಕೆಸರಿನಲ್ಲಿ ಆಡುವ ಮಕ್ಕಳಿಗೆ.

ಹಲ್ಲು ಬರುವ ಜ್ವರ ಅಂತ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ, ಹಲ್ಲಿಗೆ 103 ಬರುವುದಿಲ್ಲ. ನಿನ್ನೆ ಮೊನ್ನೆ ಬೂಸ್ಟರ್ ಚುಚ್ಚುಮದ್ದು ಆಗಿದ್ದರೆ ಮಾತು ಬೇರೆ, ಅದರ ಜ್ವರ ಎರಡು ದಿನದಲ್ಲಿ ಇಳಿಯಬೇಕು. ಶೀತ, ಕೆಮ್ಮು ಇಲ್ಲದ ಜ್ವರ 24 ಗಂಟೆ ದಾಟಿದರೆ ತೋರಿಸಿ. ಹೆಣ್ಣುಮಗುವಾದರೆ ಮೂತ್ರ ಪರೀಕ್ಷೆ ಕೇಳಿ, ಮೂತ್ರದ ಸೋಂಕು ಹೀಗೇ ಬರುತ್ತದೆ.

ಒಂದು ಮಾತು ನಮ್ಮ ಕಡೆಯವರಿಗೇ ಅನ್ವಯಿಸುವಂಥದ್ದು. ಪೇಟೆಯವರು ರಾತ್ರಿ ಹನ್ನೆರಡಕ್ಕೂ ಮನಸ್ಸು ಬದಲಿಸಬಹುದು. ನಿಮಗೆ ಮರ ಬಿದ್ದ ರಸ್ತೆ, ಸಿಗದ ನೆಟ್‌ವರ್ಕ್, ಒಂದೇ ಜೀಪು. ಅನುಮಾನ ಇದ್ದರೆ ಬೆಳಕಿರುವಾಗಲೇ ಹೊರಡಿ. ಈಗ ಕತ್ತಲಾಗಿದೆ, ಮಗು ಗೆಲುವಾಗಿದ್ದರೆ ಎರಡು ಗಂಟೆಗೊಮ್ಮೆ ಎದ್ದು ನೋಡಿ, ಜೀಪಿನವರಿಗೆ ಮಾತ್ರ ಈಗಲೇ ಹೇಳಿಡಿ. ಬೆಳಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಕಳಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ತಾಯಿ ಕಾರ್ಡ್, ಕೊಟ್ಟ ಔಷಧಿಯ ಬಾಟಲಿ, ಸಮಯ ಬರೆದ ಚೀಟಿ ಚೀಲದಲ್ಲಿರಲಿ. ದಾರಿಗೆ ಒಂದು ಬಾಟಲಿ ಓಆರ್‌ಎಸ್.