ತೆರಿಗೆ ದರ ಏರದಿದ್ದರೂ ಆಸ್ತಿ ತೆರಿಗೆಯ ಮೊತ್ತ ಏಕೆ ಏರುತ್ತದೆ?

ಮೌಲ್ಯಾಧಾರಿತ ತೆರಿಗೆಯಲ್ಲಿ ದರ ಹಾಗೆಯೇ ಉಳಿದು ಆಸ್ತಿಯ ನಿಗದಿತ ಮೌಲ್ಯ ಏರಿದರೆ ಕಟ್ಟಬೇಕಾದ ಮೊತ್ತವೂ ಏರುತ್ತದೆ. ಹೀಗಾಗಿ "ನಾವು ದರ ಹೆಚ್ಚಿಸಿಲ್ಲ" ಎಂಬ ಸ್ಥಳೀಯ ಸಂಸ್ಥೆಯ ಮಾತು ನಿಜವಾಗಿದ್ದರೂ, ತೆರಿಗೆಯ ಹೊರೆ ಹೆಚ್ಚಿಲ್ಲ ಎಂದು ಅದರಿಂದ ತಿಳಿಯಬಾರದು.

ಬಜೆಟ್ಟಿನ ಅಂದಾಜು ವೆಚ್ಚದಿಂದ ಅನುದಾನ, ಶುಲ್ಕ ಮುಂತಾದ ಇತರ ಆದಾಯವನ್ನು ಕಳೆದು, ಉಳಿದ ಮೊತ್ತವನ್ನು ಎಲ್ಲ ಆಸ್ತಿಗಳ ಒಟ್ಟು ಮೌಲ್ಯದಿಂದ ಭಾಗಿಸಿದರೆ ಅಗತ್ಯವಾದ ದರ ದೊರೆಯುತ್ತದೆ. ಎಲ್ಲ ಆಸ್ತಿಗಳ ಮೌಲ್ಯವೂ ಶೇ 25ರಷ್ಟು ಏರಿ, ಸಂಗ್ರಹಿಸಬೇಕಾದ ಮೊತ್ತ ಮಾತ್ರ ಬದಲಾಗದಿದ್ದರೆ, ಶೇ 1ರಷ್ಟಿದ್ದ ದರ ಶೇ 0.8ಕ್ಕೆ ಇಳಿಯಬೇಕು, ಆಗ ಯಾರೂ ಒಂದು ಕಾಸನ್ನೂ ಹೆಚ್ಚು ಕೊಡಬೇಕಾಗುವುದಿಲ್ಲ. ದರವನ್ನು ಶೇ 1ರಲ್ಲೇ ಉಳಿಸಿಕೊಂಡರೆ ಸಂಸ್ಥೆಗೆ ಯಾವ ಚರ್ಚೆಯೂ ಇಲ್ಲದೆ ಶೇ 25ರಷ್ಟು ಅಧಿಕ ತೆರಿಗೆ ಬರುತ್ತದೆ. ಆ ಹಣ ನಿಜಕ್ಕೂ ಬೇಕಾಗಿರಬಹುದು, ಆದರೆ ಅದನ್ನು ಜನರ ಮುಂದೆ ಕಾರಣ ಕೊಟ್ಟು ಕೇಳುವುದೇ ನ್ಯಾಯ.

ಅಮೆರಿಕದ ಯೂಟಾ ರಾಜ್ಯ 1985ರಲ್ಲಿ ಇದನ್ನೇ ಕಾನೂನಾಗಿಸಿತು: ಹೊಸ ಕಟ್ಟಡಗಳಿಂದ ಬರುವ ತೆರಿಗೆಯನ್ನು ಬಿಟ್ಟು, ಹಿಂದಿನ ವರ್ಷಕ್ಕಿಂತ ಹೆಚ್ಚು ಆಸ್ತಿ ತೆರಿಗೆ ಸಂಗ್ರಹಿಸಬಯಸುವ ಸಂಸ್ಥೆ ಮೊದಲೇ ಪ್ರಕಟಣೆ ನೀಡಿ, ಸಾರ್ವಜನಿಕರ ಅಹವಾಲು ಕೇಳಬೇಕು.

ಆದ್ದರಿಂದ ಬಜೆಟ್ ಪ್ರತಿಯಲ್ಲಿ ದರಕ್ಕಿಂತ ಮೊದಲು ಆಸ್ತಿ ತೆರಿಗೆಯ ಒಟ್ಟು ಸಂಗ್ರಹವನ್ನು ಹಿಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಿ ನೋಡಿ. ಒಟ್ಟು ಸಂಗ್ರಹ ಏರದೆ ನಿಮ್ಮ ತೆರಿಗೆ ಮಾತ್ರ ಏರಿದ್ದರೆ, ನಿಮ್ಮ ಆಸ್ತಿಯ ಮೌಲ್ಯವನ್ನು ಉಳಿದವರಿಗಿಂತ ಹೆಚ್ಚಾಗಿ ಏರಿಸಲಾಗಿದೆ ಎಂದರ್ಥ. ಆಗ ಆಕ್ಷೇಪಣೆ ಸಲ್ಲಿಸಬೇಕಾದದ್ದು ಮೌಲ್ಯಮಾಪನದ ವಿರುದ್ಧ.